ಕುರ್ಚಿಯ ತುದಿಯಲ್ಲಿ ಕೂತವರು: ತೈವಾನಿನ ಲೀ ಟೆಂಗ್-ಹುಯಿ

ಎಲ್ಲರಿಗೂ ನಮಸ್ಕಾರ.

ತೈವಾನ್ ಅಂದ ಕೂಡಲೇ ನಮಗೆ ನೆನಪಾಗುವುದು ಕಾರ್ಖಾನೆ. ದೇವನಹಳ್ಳಿ ಕಡೆ ಫಾಕ್ಸ್‌ಕಾನ್, ಅದಕ್ಕೂ ಮೊದಲು ನರಸಾಪುರದಲ್ಲಿ ವಿಸ್ಟ್ರಾನ್. ಅಲ್ಲಿನ ರಾಜಕಾರಣ ನಮ್ಮ ಪತ್ರಿಕೆಗಳಿಗೆ ಬರುವುದು ಚೀನಾ ಯುದ್ಧವಿಮಾನ ಹಾರಿಸಿದ ದಿನ ಮಾತ್ರ. ನಾನು ಇವತ್ತು ಮಾತಾಡಬೇಕೆಂದಿರುವುದು ಲೀ ಟೆಂಗ್-ಹುಯಿ ಬಗ್ಗೆ. 1988ರಿಂದ 2000ದವರೆಗೆ ಅವರು ಅಲ್ಲಿನ ಅಧ್ಯಕ್ಷರಾಗಿದ್ದರು. ಜೈಲಿಗೆ ಹೋದವರಲ್ಲ, ಬೀದಿಯಲ್ಲಿ ಘೋಷಣೆ ಕೂಗಿದವರೂ ಅಲ್ಲ. ಸರ್ವಾಧಿಕಾರ ನಡೆಸಿದ ಪಕ್ಷದ ಒಳಗೇ ಬೆಳೆದರು. ಅದೇ ಪಕ್ಷದ ನಿಯಮಗಳನ್ನು ಹಿಡಿದುಕೊಂಡು ಆ ಸರ್ವಾಧಿಕಾರವನ್ನು ಒಂದೊಂದೇ ಮೊಳೆ ಕಿತ್ತು ಕೆಳಗಿಳಿಸಿದರು.

1923ರಲ್ಲಿ ಅವರು ಹುಟ್ಟಿದಾಗ ತೈವಾನ್ ಜಪಾನಿನ ವಸಾಹತು. ತೈಪೆಯ ಉತ್ತರಕ್ಕಿರುವ ಸಾನ್‌ಝಿ ಅವರ ಊರು. ಅಪ್ಪ ಜಪಾನಿ ಪೊಲೀಸ್ ಇಲಾಖೆಯಲ್ಲಿದ್ದರು. ಮಗನಿಗೆ ಇವಾಸಾತೊ ಮಸಾವೊ ಎಂಬ ಜಪಾನಿ ಹೆಸರೂ ಇತ್ತು. ಓದಿನಲ್ಲಿ ಚುರುಕು. ಕೃಷಿ ಅರ್ಥಶಾಸ್ತ್ರ ಕಲಿಯಲು ಕ್ಯೋಟೊ ವಿಶ್ವವಿದ್ಯಾಲಯ ಸೇರಿದರು. ಅಷ್ಟರಲ್ಲಿ ಯುದ್ಧ. ಜಪಾನಿ ಸೇನೆಗೆ ಹೋಗಬೇಕಾಯಿತು. ಅಣ್ಣ ಜಪಾನಿ ನೌಕಾಪಡೆ ಸೇರಿ ಫಿಲಿಪೀನ್ಸ್‌ನಲ್ಲಿ ಸತ್ತರು. ಕೊನೆಯವರೆಗೂ ಲೀ ಅವರಿಗೆ ಜಪಾನಿ ಭಾಷೆಯೇ ಹೆಚ್ಚು ಸಲೀಸು. ಈ ಕಾರಣಕ್ಕೆ ಅವರನ್ನು ಬೈಯುವವರು ಇವತ್ತಿಗೂ ಇದ್ದಾರೆ.

1946ರಲ್ಲಿ ವಾಪಸ್ ಬಂದಾಗ ದ್ವೀಪ ಚೀನಾದ ಕುವೊಮಿಂಟಾಂಗ್ ಪಕ್ಷದ ಕೈಯಲ್ಲಿತ್ತು. ಮರುವರ್ಷ ಫೆಬ್ರವರಿ ಕೊನೆಗೆ ಸಿಗರೇಟು ಮಾರುತ್ತಿದ್ದ ಒಬ್ಬ ಹೆಂಗಸಿಗೆ ಅಧಿಕಾರಿಗಳು ಹೊಡೆದರು. ಅದರಿಂದ ಗಲಭೆ ಎದ್ದಿತು. ಚೀನಾದಿಂದ ಸೈನ್ಯ ಬಂತು, ಸಾವಿರಾರು ಜನ ಸತ್ತರು. ಆ ದಿನಗಳಲ್ಲಿ ಲೀ ಎಡಪಂಥದ ಪುಸ್ತಕ ಓದುತ್ತಿದ್ದ ವಿದ್ಯಾರ್ಥಿ. ಸ್ವಲ್ಪ ಕಾಲ ಕಮ್ಯುನಿಸ್ಟ್ ಪಕ್ಷದಲ್ಲೂ ಇದ್ದುದಾಗಿ ತುಂಬಾ ವರ್ಷಗಳ ಮೇಲೆ ಅವರೇ ಒಪ್ಪಿಕೊಂಡರು. 1949ರಲ್ಲಿ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಬಂತು. 1987ರವರೆಗೆ, ಅಂದರೆ 38 ವರ್ಷ, ಅದನ್ನು ತೆಗೆಯಲಿಲ್ಲ. ಅಂಥ ಕಾಲದಲ್ಲಿ ಈ ಹಳೇ ನಂಟು ಇದ್ದವರು ಬದುಕಿ ಉಳಿದದ್ದೇ ದೊಡ್ಡದು.

ಅವರನ್ನು ಮೇಲಕ್ಕೆತ್ತಿದ್ದು ಕೃಷಿ. ಅಮೆರಿಕ ಮತ್ತು ತೈವಾನ್ ಸೇರಿ ನಡೆಸುತ್ತಿದ್ದ ಗ್ರಾಮೀಣ ಪುನರ್ನಿರ್ಮಾಣದ ಆಯೋಗದಲ್ಲಿ 1957ರಿಂದ ಕೆಲಸ. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1968ರಲ್ಲಿ ಡಾಕ್ಟರೇಟ್ ಪಡೆದರು. ಆ ಪ್ರಬಂಧದ ವಿಷಯ ಕೇಳಿ, ನಿಮಗೆ ಇಷ್ಟವಾಗುತ್ತದೆ. ತೈವಾನಿನ ಕೈಗಾರಿಕೆಗೆ ದುಡ್ಡು ಎಲ್ಲಿಂದ ಬಂತು? ಹಳ್ಳಿಯಿಂದ, ಅನ್ನುತ್ತಾರೆ ಲೀ. ತೆರಿಗೆ ಒಂದು ದಾರಿ. ಇನ್ನೊಂದು ದಾರಿ ಗೊಬ್ಬರ. ರಾಸಾಯನಿಕ ಗೊಬ್ಬರದ ವ್ಯಾಪಾರವೆಲ್ಲ ಸರ್ಕಾರದ ಕೈಯಲ್ಲಿತ್ತು. ಭತ್ತದ ರೈತ ದುಡ್ಡು ಕೊಟ್ಟು ಕೊಳ್ಳುವ ಹಾಗಿರಲಿಲ್ಲ, ಬದಲಿಗೆ ಭತ್ತ ಅಳೆದು ಕೊಡಬೇಕಿತ್ತು. ಎಷ್ಟು ಭತ್ತಕ್ಕೆ ಎಷ್ಟು ಗೊಬ್ಬರ ಅಂತ ಹೇಳುವವರು ಸರ್ಕಾರದವರೇ. ರೈತನಿಗೆ ಅದು ದುಬಾರಿ. ತೆರಿಗೆ ಅಂತ ಹೆಸರಿಲ್ಲದ ತೆರಿಗೆ, ಅಲ್ವಾ? ಹೀಗೆ ಹೊರಗೆ ಹರಿದ ಬಂಡವಾಳದ ಲೆಕ್ಕವನ್ನು 1895ರಿಂದ 1960ರವರೆಗೆ ಅವರು ಹಾಕಿದರು. ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞರ ಸಂಘ ಆ ಪ್ರಬಂಧಕ್ಕೆ ಬಹುಮಾನ ಕೊಟ್ಟಿತು.

ಊರಿಗೆ ಬಂದರೆ ಕಾದಿದ್ದವರು ಭದ್ರತಾ ಇಲಾಖೆಯವರು. 1969ರಲ್ಲಿ ಹಳೇ ಕಮ್ಯುನಿಸ್ಟ್ ಸಂಬಂಧದ ಬಗ್ಗೆ ದಿನಗಟ್ಟಲೆ ವಿಚಾರಣೆ ಮಾಡಿ ಬಿಟ್ಟರು. ಎರಡೇ ವರ್ಷದಲ್ಲಿ ಅದೇ ಮನುಷ್ಯ ಕುವೊಮಿಂಟಾಂಗ್ ಸದಸ್ಯ! 1972ರಲ್ಲಿ ಮಂತ್ರಿ! ಇದು ಹೇಗಾಯಿತು?

ಕುವೊಮಿಂಟಾಂಗ್ ನಾಯಕ, ಅಧ್ಯಕ್ಷ ಚಿಯಾಂಗ್ ಕೈ-ಶೆಕ್ ಅವರ ಮಗ ಚಿಯಾಂಗ್ ಚಿಂಗ್-ಕುವೊ ಆಗ ಪ್ರಧಾನಿಯಾದರು. ಒಂದು ಕಾಲಕ್ಕೆ ಗೂಢಚಾರ ಪೊಲೀಸರ ಮೇಲೆ ಹಿಡಿತ ಇಟ್ಟುಕೊಂಡಿದ್ದವರು ಅವರು. ಆದರೆ ದ್ವೀಪದ ಬಹುಪಾಲು ಜನ ಅಲ್ಲೇ ಹುಟ್ಟಿದವರು, ಅಧಿಕಾರವೆಲ್ಲ 1949ರ ಹೊತ್ತಿಗೆ ಚೀನಾದಿಂದ ಓಡಿಬಂದವರದು. ಹೀಗೇ ತುಂಬಾ ದಿನ ನಡೆಯದು ಅನ್ನುವುದು ಅವರಿಗೆ ಗೊತ್ತಿತ್ತು. ಸ್ಥಳೀಯರು ಬೇಕಿತ್ತು, ಅದೂ ಹಳ್ಳಿ ಬಲ್ಲವರು. ಲೀ ಸಿಕ್ಕರು. ಮರುವರ್ಷವೇ ಆ ಭತ್ತ-ಗೊಬ್ಬರದ ಪದ್ಧತಿ ರದ್ದಾಯಿತು. ತಾನು ಪ್ರಬಂಧದಲ್ಲಿ ಬರೆದ ಅನ್ಯಾಯವನ್ನು ತಾನೇ ಕೃಷಿ ನೋಡಿಕೊಳ್ಳುವ ಮಂತ್ರಿಯಾಗಿ ಮುಗಿಸುವ ಅವಕಾಶ ಎಷ್ಟು ಸಂಶೋಧಕರಿಗೆ ಸಿಗುತ್ತದೆ ಹೇಳಿ!

ಮುಂದಿನ ಮೆಟ್ಟಿಲುಗಳನ್ನು ಬೇಗ ಹೇಳಿಬಿಡುತ್ತೇನೆ. 1978ರಲ್ಲಿ ತೈಪೆ ಮೇಯರ್, 1981ರಲ್ಲಿ ಪ್ರಾಂತ್ಯದ ಗವರ್ನರ್, 1984ರಲ್ಲಿ ಉಪಾಧ್ಯಕ್ಷ. ನಡುವೆ 1982ರಲ್ಲಿ ಒಬ್ಬನೇ ಮಗ ಕ್ಯಾನ್ಸರಿನಿಂದ ತೀರಿಕೊಂಡ. ಚಿಂಗ್-ಕುವೊ ಎದುರು ಲೀ ಕುರ್ಚಿಯ ತುದಿಯಲ್ಲಿ ಮಾತ್ರ ಕೂರುತ್ತಿದ್ದರು ಅಂತ ತೈವಾನಿನಲ್ಲಿ ಒಂದು ಮಾತಿದೆ. ಪೂರ್ತಿ ಒರಗಿ ಕೂತರೆ ಎಲ್ಲಿ ಅಗೌರವವಾಗುತ್ತದೋ ಅನ್ನುವ ಹಾಗೆ. ಪಕ್ಷದ ಹಿರಿಯರು ಇದನ್ನು ನೋಡಿ, ಇವರು ಸುಮ್ನೆ ಇರುವ ಮೇಷ್ಟ್ರು, ಇವರಿಂದ ತೊಂದರೆ ಇಲ್ಲ ಅಂದುಕೊಂಡರು. ಅಷ್ಟೇ ಸಾಕಾಯಿತು.

1988ರ ಜನವರಿ 13. ಅಷ್ಟೊತ್ತಿಗೆ ಅಧ್ಯಕ್ಷರಾಗಿದ್ದ ಚಿಯಾಂಗ್ ಚಿಂಗ್-ಕುವೊ ತೀರಿಕೊಂಡರು. ಸಂವಿಧಾನದ ಪ್ರಕಾರ ಲೀ ಅಧ್ಯಕ್ಷರಾದರು, ತೈವಾನಿನಲ್ಲೇ ಹುಟ್ಟಿದವರಲ್ಲಿ ಮೊದಲಿಗರು. ಪಕ್ಷದ ಅಧ್ಯಕ್ಷತೆ ಇವರಿಗೆ ಸಿಗದಂತೆ ತಡೆಯಲು ಚಿಯಾಂಗ್ ಕೈ-ಶೆಕ್ ಅವರ ವಿಧವೆಯೇ ಪ್ರಯತ್ನಿಸಿದರು. ಆಗಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ತೈವಾನಿನಲ್ಲಿ ಆಗ ರಾಷ್ಟ್ರೀಯ ಸಭೆ ಅಂತ ಒಂದಿತ್ತು. ಅಧ್ಯಕ್ಷರನ್ನು ಆರಿಸುವುದು ಅದರ ಕೆಲಸ. ಅದರ ಹೆಚ್ಚಿನ ಸದಸ್ಯರು 1947ರಲ್ಲಿ ಚೀನಾದ ನೆಲದಲ್ಲಿ ಗೆದ್ದವರು. ಆಮೇಲೆ ಆ ಕ್ಷೇತ್ರಗಳೆಲ್ಲ ಕಮ್ಯುನಿಸ್ಟರ ಕೈಗೆ ಹೋದವು. ಅಲ್ಲಿ ಮರುಚುನಾವಣೆ ಮಾಡಲು ಸಾಧ್ಯವಿಲ್ಲ, ಆದ್ದರಿಂದ ಹಳಬರೇ ಮುಂದುವರಿಯಲಿ ಅಂತ ತೀರ್ಮಾನವಾಯಿತು. ಅವರು ಮುಂದುವರಿದರು, ನಾಲ್ಕು ದಶಕ! ಸಿಚುವಾನ್ ಪ್ರತಿನಿಧಿ ಸಿಚುವಾನ್ ನೋಡದೆ ಮುದುಕರಾದರು. ಕೆಲವರು ಗಾಲಿಕುರ್ಚಿಯಲ್ಲಿ ಸಭೆಗೆ ಬರುತ್ತಿದ್ದರು. ಇದು ನಗುವ ವಿಷಯ ಅನಿಸಬಹುದು, ಆದರೆ ದೇಶದ ಅಧ್ಯಕ್ಷರನ್ನು ಆರಿಸುವವರು ಇವರೇ.

1990ರ ಮಾರ್ಚಿನಲ್ಲಿ ಈ ಸಭೆ ತನ್ನದೇ ಸವಲತ್ತು ಹೆಚ್ಚಿಸಿಕೊಳ್ಳಲು ಹೊರಟಿತು. ವಿದ್ಯಾರ್ಥಿಗಳಿಗೆ ಸಿಟ್ಟು ಬಂತು. ತೈಪೆಯ ಚಿಯಾಂಗ್ ಕೈ-ಶೆಕ್ ಸ್ಮಾರಕದ ಮುಂದಿನ ಮೈದಾನದಲ್ಲಿ ಸಾವಿರಾರು ಜನ ಬಂದು ಕೂತರು. ಕಾಡು ಲಿಲ್ಲಿ ಹೂವು ಅವರ ಗುರುತು. ಬೀಜಿಂಗ್‌ನ ತಿಯನಾನ್‌ಮೆನ್ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಲೀ ಏನು ಮಾಡಿದರು? ಮಾರ್ಚ್ 21ರಂದು ಅದೇ ಮುದುಕರ ಓಟಿನಿಂದ ಅಧ್ಯಕ್ಷರಾಗಿ ಆರಿಸಿ ಬಂದರು. ಅದೇ ದಿನ ವಿದ್ಯಾರ್ಥಿ ಪ್ರತಿನಿಧಿಗಳನ್ನು ಕರೆಸಿ ಮಾತಾಡಿದರು. ಸುಧಾರಣೆಗೆ ಸರ್ವಪಕ್ಷ ಸಮ್ಮೇಳನ ಕರೆಯುತ್ತೇನೆ ಅಂತ ಮಾತು ಕೊಟ್ಟರು, ಜೂನ್ ಕೊನೆಗೆ ಕರೆದೇ ಬಿಟ್ಟರು. ನನ್ನ ಪ್ರಕಾರ ಅವರ ಇಡೀ ಜೀವನದ ಚತುರ ದಿನ ಅದು. ಒಳಗಿನವರ ಓಟೂ ಬಂತು, ಹೊರಗಿನವರ ಒತ್ತಡವೂ ಕೈಗೆ ಬಂತು.

ಅದೇ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ತೀರ್ಪು ಕೊಟ್ಟಿತು: ಹಳೇ ಸದಸ್ಯರೆಲ್ಲ 1991ರ ಡಿಸೆಂಬರ್ 31ರೊಳಗೆ ಹೊರಡಬೇಕು. ಕೈತುಂಬ ನಿವೃತ್ತಿ ಹಣ ಕೊಟ್ಟು ಕಳಿಸಿದರು. ದುಡ್ಡು ದಂಡ ಅಂತ ಆಗ ಟೀಕೆ ಬಂತು. ರಕ್ತ ಹರಿಯದೆ ಒಂದು ಸಂಸತ್ತು ಖಾಲಿಯಾಗಿದ್ದರೆ ಅದು ಅಗ್ಗದ ವ್ಯವಹಾರವೇ ಅಂತ ನನಗೆ ಅನಿಸುತ್ತದೆ. 1992ರಲ್ಲಿ ಇಡೀ ಶಾಸನಸಭೆಗೆ ಮೊದಲ ಸಲ ತೈವಾನಿನ ಜನರೇ ಓಟು ಹಾಕಿದರು.

ಸೇನೆಯ ವಿಷಯದಲ್ಲೂ ಹೀಗೇ. ಜನರಲ್ ಹಾವ್ ಪೇ-ತ್ಸುನ್ ಬಲಿಷ್ಠ ವ್ಯಕ್ತಿ, ಎಂಟು ವರ್ಷ ಸೇನೆಯ ಮುಖ್ಯಸ್ಥರಾಗಿದ್ದವರು. 1990ರಲ್ಲಿ ಲೀ ಈ ಹಾವ್ ಅವರನ್ನೇ ಪ್ರಧಾನಿ ಮಾಡಿದರು. ವಿರೋಧ ಪಕ್ಷದವರು ಬೀದಿಗಿಳಿದರು, ಸೇನೆಯವರು ಸರ್ಕಾರ ನಡೆಸುವುದೇ ಅಂತ. ಆದರೆ ಪ್ರಧಾನಿಯಾಗಲು ಹಾವ್ ಸಮವಸ್ತ್ರ ಬಿಚ್ಚಬೇಕಾಯಿತು. 1993ರ ಹೊತ್ತಿಗೆ ಪ್ರಧಾನಿ ಪಟ್ಟವೂ ಹೋಯಿತು.

1995ರ ಫೆಬ್ರವರಿ 28ರಂದು ಲೀ ಸರ್ಕಾರದ ಪರವಾಗಿ 1947ರ ಹತ್ಯಾಕಾಂಡಕ್ಕೆ ಕ್ಷಮೆ ಕೇಳಿದರು. ಅದೇ ಜೂನ್‌ನಲ್ಲಿ ಹಳೇ ವಿದ್ಯಾರ್ಥಿಯಾಗಿ ಕಾರ್ನೆಲ್‌ಗೆ ಹೋದರು. ವೀಸಾ ಕೊಡಲು ಕ್ಲಿಂಟನ್ ಸರ್ಕಾರಕ್ಕೆ ಇಷ್ಟವಿರಲಿಲ್ಲ, ಅಮೆರಿಕದ ಸಂಸತ್ತು ಹೆಚ್ಚೂಕಡಿಮೆ ಒಕ್ಕೊರಲಿನಿಂದ ಕೊಡಿ ಅಂದಿತು. ಬೀಜಿಂಗ್ ಕೆರಳಿ ತೈವಾನಿನ ಸುತ್ತಲಿನ ಸಮುದ್ರಕ್ಕೆ ಕ್ಷಿಪಣಿ ಹಾರಿಸಿತು. ಮುಂದಿನ ಮಾರ್ಚಿನಲ್ಲಿ, ಚುನಾವಣೆಯ ಹೊತ್ತಿಗೆ ಸರಿಯಾಗಿ, ಮತ್ತೆ ಹಾರಿಸಿತು. ಅಮೆರಿಕ ವಿಮಾನವಾಹಕ ಹಡಗುಗಳ ಎರಡು ತಂಡಗಳನ್ನು ಕಳಿಸಿತು. 1996ರ ಮಾರ್ಚ್ 23ರಂದು ಜನ ಮೊದಲ ಬಾರಿಗೆ ನೇರವಾಗಿ ಅಧ್ಯಕ್ಷರನ್ನು ಆರಿಸಿದರು. ನಾಲ್ಕು ಜನರ ಪೈಪೋಟಿಯಲ್ಲಿ ಲೀ ಅವರಿಗೆ ನೂರಕ್ಕೆ 54 ಓಟು. ಹೆದರಿಸಲು ಹಾರಿಸಿದ ಕ್ಷಿಪಣಿ ಅವರಿಗೇ ಪ್ರಚಾರ ಮಾಡಿತು ಅಂತ ಬಹಳ ಜನ ಹೇಳುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ಪಕ್ಷದ ಹಳೇ ಗುಂಪನ್ನು ಸೋಲಿಸಲು ಲೀ ಅವರಿಗೆ ಬೇರೆ ಬಲ ಬೇಕಿತ್ತು. ಊರೂರಿನ ಬಣಗಳ ಮುಖಂಡರು, ಕಂಟ್ರಾಕ್ಟರುಗಳು, ದುಡ್ಡಿನ ಕುಳಗಳು ಹತ್ತಿರ ಬಂದರು. ರೌಡಿಗಳೂ ಚುನಾವಣೆಗೆ ನಿಂತು ಗೆದ್ದರು. ತೈವಾನಿನವರು ಇದನ್ನು ‘ಕಪ್ಪು ಚಿನ್ನ’ ಅನ್ನುತ್ತಾರೆ, ರೌಡಿಸಂ ಮತ್ತು ದುಡ್ಡು ಕೂಡಿದ ರಾಜಕಾರಣ. ಲೀ ಇದನ್ನು ಹುಟ್ಟುಹಾಕಲಿಲ್ಲ. ಆದರೆ ಅವರ ಕಾಲದಲ್ಲಿ ಇದು ಕೊಬ್ಬಿತು, ಅವರು ಕಣ್ಣು ಮುಚ್ಚಿಕೊಂಡರು. ಜನರಿಗೆ ಓಟಿನ ಹಕ್ಕು ಕೊಟ್ಟವರೇ ಓಟನ್ನು ಮಾರಾಟಕ್ಕೂ ಬಿಟ್ಟರು ಅಂತ ಅವರನ್ನು ದೂರಿದರೆ ನಾನು ಜಗಳಕ್ಕೆ ಬರುವುದಿಲ್ಲ.

ಅದರ ಬೆಲೆ 2000ದಲ್ಲಿ ತೆತ್ತರು. ಆಪ್ತರಾಗಿದ್ದ ಜೇಮ್ಸ್ ಸೂಂಗ್ ಮುನಿಸಿಕೊಂಡು ಅಧ್ಯಕ್ಷ ಚುನಾವಣೆಗೆ ಸ್ವತಂತ್ರವಾಗಿ ನಿಂತರು. ಓಟು ಒಡೆಯಿತು. ವಿರೋಧ ಪಕ್ಷದ ಚೆನ್ ಶುಯಿ-ಬಿಯಾನ್ ನೂರಕ್ಕೆ 39 ಓಟು ಪಡೆದು ಗೆದ್ದರು. ಪಕ್ಷದ ಅಧಿಕೃತ ಅಭ್ಯರ್ಥಿ ಲಿಯೆನ್ ಚಾನ್ ಮೂರನೇ ಸ್ಥಾನ. ಲೀ ಬೇಕೆಂದೇ ಸೋಲಿಸಿದರು ಅಂತ ಕಾರ್ಯಕರ್ತರು ಪಕ್ಷದ ಕಚೇರಿಯನ್ನು ಮುತ್ತಿದರು. ಅವರು ಪಕ್ಷದ ಅಧ್ಯಕ್ಷ ಸ್ಥಾನ ಬಿಟ್ಟರು. ಸರ್ಕಾರದ ಅಧಿಕಾರ ಮೇ ತಿಂಗಳಲ್ಲಿ ಶಾಂತವಾಗಿ ಕೈ ಬದಲಾಯಿತು. 2001ರಲ್ಲಿ ಪಕ್ಷ ಅವರನ್ನು ಉಚ್ಚಾಟಿಸಿತು. 2011ರಲ್ಲಿ ಹಣ ದುರುಪಯೋಗದ ಆರೋಪಪಟ್ಟಿ ಬಂತು, 2013ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. 2020ರ ಜುಲೈ 30ರಂದು, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಚೀನಾ ಜೊತೆಗಿನ ಸಂಬಂಧವನ್ನು 1999ರಲ್ಲಿ ಎರಡು ದೇಶಗಳ ನಡುವಿನ ವಿಶೇಷ ಸಂಬಂಧ ಅಂತ ಅವರು ಕರೆದದ್ದು, ಅದರಿಂದ ಎದ್ದ ಗದ್ದಲ, ಇದೆಲ್ಲ ಇನ್ನೊಂದು ಗಂಟೆಯ ಮಾತು. ಕೇಳಬೇಕು ಅನ್ನುವವರು ಈಗ ಪ್ರಶ್ನೆ ಕೇಳಿ, ಹೇಳುತ್ತೇನೆ.