ಹೆಣ್ಣು ಕುದುರೆಯ ಬೆದೆ ಮತ್ತು ಡಿಸೆಂಬರಿನ ದೀಪ

ನಮಸ್ಕಾರ. ನೀವು ಈಗ ನೋಡುತ್ತಿರುವುದು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಬಳಿಯ ಒಂದು ಕುದುರೆ ಫಾರ್ಮ್. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಆರರೊಳಗೆ ಕತ್ತಲಾಗುತ್ತದೆ. ಆದರೂ ಲಾಯದ ದೀಪಗಳು ರಾತ್ರಿ ಹನ್ನೊಂದೂವರೆಯವರೆಗೆ ಉರಿಯುತ್ತವೆ. ಹೆಣ್ಣು ಕುದುರೆಗಳು ಬೇಗ ಬೆದೆಗೆ ಬರಲಿ ಎಂಬುದಷ್ಟೇ ಇದರ ಉದ್ದೇಶ.

ಕುದುರೆ ಹಗಲು ಉದ್ದವಾದಾಗ ಬೆದೆಗೆ ಬರುವ ಪ್ರಾಣಿ. ಕತ್ತಲಿರುವಷ್ಟು ಹೊತ್ತೂ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಅದು ಹೆಚ್ಚು ಹೊತ್ತು ಹರಿಯುವುದರಿಂದ ಅಂಡಾಶಯವನ್ನು ಎಚ್ಚರಿಸಬೇಕಾದ ಹಾರ್ಮೋನುಗಳು ತಗ್ಗುತ್ತವೆ ಮತ್ತು ಬಹುಪಾಲು ಕುದುರೆಗಳಲ್ಲಿ ಋತುಚಕ್ರವೇ ನಿಂತುಬಿಡುತ್ತದೆ. ಬೇಸಿಗೆಯಲ್ಲಾದರೆ ಚಕ್ರ ಸುಮಾರು 21 ದಿನಗಳದ್ದು. ಅದರಲ್ಲಿ ಐದರಿಂದ ಏಳು ದಿನ ಬೆದೆ ಇರುತ್ತದೆ. ಬೆದೆ ಮುಗಿಯುವ ಒಂದೆರಡು ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ.

ನನ್ನ ದೃಷ್ಟಿಯಲ್ಲಿ ತಳಿಗಾರರ ತಾಳ್ಮೆ ಕೆಡಿಸುವುದು ಚಳಿಗಾಲವಲ್ಲ, ಅದರ ಬೆನ್ನಿಗೇ ಬರುವ ಸಂಧಿಕಾಲ. ಆ ಎರಡು ಮೂರು ತಿಂಗಳು ಕುದುರೆ ಬಾಲ ಎತ್ತಿ, ಸ್ವಲ್ಪ ಸ್ವಲ್ಪವೇ ಮೂತ್ರ ಹನಿಸಿ, ಗಂಡಿನ ಮುಂದೆ ನಿಂತುಕೊಳ್ಳುತ್ತದೆ. ಈ ಬೆದೆ ಕೆಲವೊಮ್ಮೆ ವಾರಗಟ್ಟಲೆ ಮುಗಿಯುವುದೇ ಇಲ್ಲ. ಸ್ಕ್ಯಾನಿನಲ್ಲಿ ನೋಡಿದರೆ 30 ಮಿಲಿಮೀಟರ್ ದಾಟಿದ ಕಪ್ಪು, ದುಂಡನೆಯ ಕೋಶಿಕೆಗಳು (ಅಂಡಾಶಯದಲ್ಲಿ ಅಂಡ ಬೆಳೆಯುವ, ದ್ರವ ತುಂಬಿದ ಚೀಲಗಳು) ಕಾಣುತ್ತವೆ, ಆದರೆ ಅವು ಒಡೆಯದೆ ಹಾಗೆಯೇ ಕುಗ್ಗಿಹೋಗುತ್ತವೆ. ಇಂಥ ಕುದುರೆಯನ್ನು ಗಂಡಿನ ಬಳಿಗೆ ಎಷ್ಟು ಸಲ ಕರೆದೊಯ್ದರೂ ಗಬ್ಬ ನಿಲ್ಲುವುದಿಲ್ಲ. ದೊಡ್ಡ ಕೋಶಿಕೆಯ ಜೊತೆಗೆ ಗರ್ಭಕೋಶದ ಒಳಪದರವೂ ಊದಿಕೊಂಡು, ಅಡ್ಡ ಕೊಯ್ದ ಕಿತ್ತಳೆ ಹಣ್ಣಿನಂತೆ ಮಡಿಕೆ ಮಡಿಕೆಯಾಗಿ ಕಂಡಾಗ ಮಾತ್ರ ಪಶುವೈದ್ಯರು ಅದನ್ನು ನಿಜವಾದ ಬೆದೆಯೆಂದು ನಂಬುತ್ತಾರೆ.

ಪ್ರಕೃತಿಯ ಲೆಕ್ಕ ಸರಿಯಾಗಿಯೇ ಇದೆ: ಗಬ್ಬದ ಅವಧಿ ಸುಮಾರು ಹನ್ನೊಂದು ತಿಂಗಳಾದ್ದರಿಂದ, ಮೇ ತಿಂಗಳಲ್ಲಿ ಗಬ್ಬವಾದ ಕುದುರೆ ಮರುವರ್ಷ ಹಸಿರು ಹುಲ್ಲು ಚಿಗುರಿದ ಏಪ್ರಿಲ್‌ನಲ್ಲಿ ಮರಿ ಹಾಕುತ್ತದೆ. ರೇಸಿನ ಲೆಕ್ಕ ಬೇರೆ. ಉತ್ತರ ಗೋಳಾರ್ಧದ ಎಲ್ಲ ಥರೋಬ್ರೆಡ್ (ರೇಸಿನ ತಳಿ) ಮರಿಗಳಿಗೂ, ಯಾವಾಗ ಹುಟ್ಟಿದರೂ, ಜನವರಿ 1 ಅಧಿಕೃತ ಹುಟ್ಟುಹಬ್ಬವಾದ್ದರಿಂದ, ಮೇ ತಿಂಗಳಲ್ಲಿ ಹುಟ್ಟಿದ ಮರಿ ಎರಡು ವರ್ಷದವರ ಓಟದಲ್ಲಿ ತನಗಿಂತ ನಾಲ್ಕು ತಿಂಗಳು ದೊಡ್ಡದರ ಜೊತೆ ಓಡಬೇಕಾಗುತ್ತದೆ. ಹೀಗಾಗಿ ಇಲ್ಲಿ ಫೆಬ್ರವರಿ ಮಧ್ಯದಲ್ಲೇ ಗಂಡು ಕೂಡಿಸುವ ಕೆಲಸ ಆರಂಭವಾಗುತ್ತದೆ, ಅದಕ್ಕಾಗಿ ಡಿಸೆಂಬರ್ 1ರ ಸುಮಾರಿನಿಂದಲೇ ದೀಪ ಹಾಕುತ್ತಾರೆ. ಹಗಲಿನ ಬೆಳಕೂ ಸೇರಿ ದಿನಕ್ಕೆ 16 ಗಂಟೆ, ಎಡೆಬಿಡದೆ ಎರಡು ತಿಂಗಳಾದರೂ ಬೇಕು. ಲಾಯದ ಯಾವ ಮೂಲೆಯಲ್ಲಿ ನಿಂತರೂ ಪತ್ರಿಕೆ ಓದುವಷ್ಟು ಬೆಳಕಿದ್ದರೆ ಸಾಕು. ಹೆಚ್ಚುವರಿ ಬೆಳಕನ್ನು ಸಂಜೆಗೇ ಸೇರಿಸಬೇಕು. ಇಡೀ ರಾತ್ರಿ ಉರಿಸಿದರೆ ಫಲವಿಲ್ಲ, ಏಕೆಂದರೆ ಕತ್ತಲೆಯ ಪಾಲೂ ಕುದುರೆಗೆ ಬೇಕೇ ಬೇಕು.

ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ಹೆಸರಾಂತ ಕುದುರೆ ತಳಿಯ ಊರು, ಆದರೆ ಅದು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ವರ್ಷದ ಅತಿ ಉದ್ದ ಮತ್ತು ಅತಿ ಚಿಕ್ಕ ಹಗಲಿನ ಅಂತರ ಒಂದೂವರೆ ಗಂಟೆಯಷ್ಟೇ, ಲೆಕ್ಸಿಂಗ್ಟನ್‌ನಲ್ಲಿ ಐದು ಗಂಟೆಗೂ ಮಿಗಿಲು. ಸಮಭಾಜಕಕ್ಕೆ ಹತ್ತಿರವಾದಷ್ಟೂ ಈ ಋತುಬದ್ಧತೆ ಸಡಿಲವಾಗುತ್ತದೆ, ವರ್ಷವಿಡೀ ಬೆದೆಗೆ ಬರುವ ಕುದುರೆಗಳು ಹೆಚ್ಚುತ್ತವೆ.

ದೀಪ ಬೇಕಾಗಿರುವುದು ಖಾಲಿ ಕುದುರೆಗಳಿಗೆ ಮಾತ್ರವಲ್ಲ. ಜನವರಿಯಲ್ಲಿ ಈಯಲಿರುವ ತುಂಬುಗಬ್ಬದ ಕುದುರೆಗೂ ಅದು ಅಗತ್ಯ: ಈದ ವಾರ ಹತ್ತು ದಿನಕ್ಕೆ ಒಮ್ಮೆ ಬೆದೆಗೆ ಬಂದರೂ, ಬೆಳಕು ಸಾಲದಿದ್ದರೆ ಅದರ ಅಂಡಾಶಯ ಪುನಃ ಚಳಿಗಾಲದ ನಿದ್ರೆಗೆ ಜಾರಿಬಿಡಬಹುದು.