ಆಪರೇಷನ್ ಆದ ಏಳನೇ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ತೆಗೆಸಿಕೊಳ್ಳಲು ನಮ್ಮ ಕಡೆಯವರು ಬೆಂಗಳೂರಿಗೆ ಹೋಗುವುದುಂಟು. ಸಾಮಾನ್ಯವಾಗಿ ಮೂಗಿನೊಳಗಿಂದಲೇ ಮಾಡುವ ಆಪರೇಷನ್, ಹೊರಗೆ ಗಾಯವೇ ಕಾಣದು. ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗಿ ದಾವಣಗೆರೆಗೋ ಜಗಳೂರಿಗೋ ಬಂದಿಳಿಯುತ್ತಾರೆ. ಇನ್ನೇನು ಗೆದ್ದೆವು ಅಂದುಕೊಳ್ಳುವ ಹೊತ್ತಿಗೇ ಒಂದು ತೊಂದರೆ ಕಾದಿರಬಹುದು.

ಕಡಲೆಕಾಳಿನಷ್ಟಿರುವ ಈ ಗ್ರಂಥಿಯ ಹಿಂಭಾಗದಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಶೇಖರವಾಗಿರುತ್ತದೆ. ನೀರು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಹೇಳುವುದು ಅದೇ. ಆಪರೇಷನ್ ಆದ ಮೊದಲೆರಡು ದಿನ ಅದು ಕಡಿಮೆಯಾದರೆ ಲೀಟರುಗಟ್ಟಲೆ ತಿಳಿಮೂತ್ರ, ತಡೆಯಲಾಗದ ಬಾಯಾರಿಕೆ. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಏರುತ್ತದೆ. ಆಗ ರೋಗಿ ಆಸ್ಪತ್ರೆಯಲ್ಲೇ ಇರುವುದರಿಂದ ನರ್ಸುಗಳು ಮೂತ್ರ ಅಳೆಯುತ್ತಾರೆ, ಬೇಕಾದರೆ ಆ ಹಾರ್ಮೋನಿನ ಕೆಲಸ ಮಾಡುವ ಡೆಸ್ಮೊಪ್ರೆಸಿನ್ ಔಷಧ ಕೊಡುತ್ತಾರೆ.

ನನಗೆ ಹೆಚ್ಚು ಚಿಂತೆ ಇದರ ತಿರುಗುಮುರುಗಿನದು. ಪೆಟ್ಟಾದ ನರತುದಿಗಳಿಂದ ಅದೇ ಹಾರ್ಮೋನು ಲಂಗುಲಗಾಮಿಲ್ಲದೆ ಸೋರತೊಡಗಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೆ ಇರಬೇಕಾದ ಸೋಡಿಯಂ ಕುಸಿಯುತ್ತದೆ. ಇದು ನಾಲ್ಕರಿಂದ ಹತ್ತನೇ ದಿನದೊಳಗೆ, ಹೆಚ್ಚಾಗಿ ಏಳನೇ ದಿನದ ಆಸುಪಾಸು. ತಲೆನೋವು, ವಾಕರಿಕೆ, ಮಂಕು. ಮನೆಯವರು "ಪಾಪ, ಸುಸ್ತು" ಅನ್ನುತ್ತಾರೆ. ನೋಡಲು ಬಂದವರೆಲ್ಲ ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ಅದಕ್ಕೂ ಕೆಟ್ಟದ್ದು, "ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸ್ಕೊಂಡು ಬರೋಣ" ಅನ್ನುವುದು. ಸಕ್ಕರೆ ಮೈಗೆ ಹತ್ತಿದ ಮೇಲೆ ಉಳಿಯುವುದು ಬರೀ ನೀರು! ಉಪ್ಪು ಜಾಸ್ತಿ ತಿಂದರಾಯ್ತಲ್ಲ ಡಾಕ್ಟ್ರೇ ಎಂದು ಕೇಳುವವರಿದ್ದಾರೆ. ಇಲ್ಲಿ ಉಪ್ಪು ಸಾಲದೆ ಬಂದ ತೊಂದರೆಗಿಂತ ನೀರು ಹೆಚ್ಚಾಗಿ ಬಂದ ತೊಂದರೆಯೇ ದೊಡ್ಡದು.

ಆದ್ದರಿಂದ ಡಿಸ್ಚಾರ್ಜ್ ದಿನವೇ ಕೇಳಿ: ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಮೊದಲ ವಾರ ಒಂದು, ಒಂದೂವರೆ ಲೀಟರಿಗೆ ಮಿತಿ ಹಾಕುವ ಆಸ್ಪತ್ರೆಗಳಿವೆ. ಮೂತ್ರ ಇನ್ನೂ ಧಾರೆಯಾಗಿ ಹೋಗುತ್ತಿದ್ದರೆ ಮಾತ್ರ ನೀವಾಗಿಯೇ ನೀರು ಬಿಗಿಹಿಡಿಯಬೇಡಿ, ಡಾಕ್ಟರಿಗೆ ಫೋನು ಮಾಡಿ. ಏಳನೇ ದಿನದ ಸೋಡಿಯಂ ಪರೀಕ್ಷೆಗೆ ಮತ್ತೆ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ, ದಾವಣಗೆರೆಯಲ್ಲೇ ಆಗುತ್ತದೆ. ವರದಿಯನ್ನು ಆಪರೇಷನ್ ಮಾಡಿದವರಿಗೆ ತಿಳಿಸಿ.

ಮಾತು ತಡವರಿಸಿದರೆ, ಫಿಟ್ಸ್ ಬಂದರೆ ಲ್ಯಾಬಿಗಲ್ಲ, ನೇರ ದೊಡ್ಡಾಸ್ಪತ್ರೆಗೆ. ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ. ಸೋಡಿಯಂ ಅನ್ನು ಗಡಿಬಿಡಿಯಲ್ಲಿ ಏರಿಸಿದರೂ ಮಿದುಳಿಗೆ ಹಾನಿ, ಅಳೆದಳೆದು ಏರಿಸಬೇಕು. ಸ್ಟೀರಾಯ್ಡ್ ಮಾತ್ರೆ ಬರೆದಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ, ಅದು ಮೈಯಲ್ಲಿನ ಕಾರ್ಟಿಸಾಲ್ ಎಂಬ ಹಾರ್ಮೋನಿನ ಬದಲಿಗೆ ಕೊಡುವುದು, ಕಾರ್ಟಿಸಾಲ್ ಕೊರತೆಯಿಂದಲೂ ಸೋಡಿಯಂ ಇಳಿಯುತ್ತದೆ. ನುಂಗಿದ್ದು ವಾಂತಿಯಾಗಿ ಹೋಗುತ್ತಿದ್ದರೆ ಸ್ಟೀರಾಯ್ಡನ್ನೇ ಇಂಜೆಕ್ಷನ್ ರೂಪದಲ್ಲಿ ಆಸ್ಪತ್ರೆಯಲ್ಲಿ ಕೊಡುತ್ತಾರೆ, ಬೆಳಗಾಗಲಿ ಎಂದು ಕಾಯಬೇಡಿ.