ಕತ್ತಲ ನವರಂಗ, ಬಿಸಿಲ ಜಾಲಂಧ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಮಧ್ಯಾಹ್ನದ ಹೊತ್ತು ಹೋದವರಿಗೆ ಇದು ಗೊತ್ತಿರುತ್ತದೆ. ಹೊರಗೆ ಅಂಗಳದ ಕಲ್ಲು ಕಾಲು ಸುಡುತ್ತಿರುತ್ತದೆ. ಬಾಗಿಲು ದಾಟಿ ನವರಂಗಕ್ಕೆ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪಕ್ಕೆ, ಕಾಲಿಟ್ಟರೆ ಏನೂ ಕಾಣುವುದಿಲ್ಲ. ಸುಮ್ನೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಕಂಬಗಳ ಉರುಟು ಮೂಡುತ್ತದೆ. ಆಮೇಲೆ ಅವುಗಳ ಮೇಲಿನ ಗೆರೆಗಳು, ಆಮೇಲೆ ತಲೆಯ ಮೇಲಿನ ಕೆತ್ತನೆಯ ಚಾವಣಿ, ಭುವನೇಶ್ವರಿ. ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿಯ, ಕಿಂಡಿಗಳಲ್ಲಿ ಬಿಸಿಲು ಹಾಗೇ ಹೊಳೆಯುತ್ತಿರುತ್ತದೆ. ಕಣ್ಣು ಎರಡನ್ನೂ ನಿಭಾಯಿಸುತ್ತದೆ. ಕ್ಯಾಮೆರಾಗೆ ಒಂದೇ ಸಲಕ್ಕೆ ಅದು ಆಗುವುದಿಲ್ಲ.

ನಾನು ಒಮ್ಮೆ ಅಲ್ಲಿ ಕ್ಯಾಮೆರಾವನ್ನು ಕಲ್ಲಿನ ಜಗಲಿಯ ಮೇಲೆ ಅಲುಗದಂತೆ ಇಟ್ಟು, ಒಂದೇ ನೋಟದ ಐದು ಫೋಟೋ ತೆಗೆದೆ. ಒಂದೊಂದಕ್ಕೂ ಹಿಂದಿನದರ ನಾಲ್ಕು ಪಟ್ಟು ಹೊತ್ತು ಬೆಳಕು ಕೊಟ್ಟೆ. ಹಾಗಾಗಿ ಮೊದಲನೆಯದಕ್ಕೂ ಐದನೆಯದಕ್ಕೂ 256 ಪಟ್ಟು ಅಂತರ. ಮೊದಲ ಚಿತ್ರದಲ್ಲಿ ಜಾಲಂಧ್ರ ಮಾತ್ರ ಇತ್ತು, ಉಳಿದದ್ದೆಲ್ಲ ಮಸಿ. ಕೊನೆಯದರಲ್ಲಿ ಕಂಬದ ಬುಡವೂ ಕಂಡಿತು, ಆದರೆ ಜಾಲಂಧ್ರ ಸುಣ್ಣ ಬಳಿದ ಹಾಗಿತ್ತು.

ಈ ಐದನ್ನೂ ಕೂಡಿಸಿದರೆ ಸಿಗುವುದೇ ಕಡು ಕತ್ತಲನ್ನೂ ಜೋರು ಬಿಸಿಲನ್ನೂ ಒಟ್ಟಿಗೆ ಹಿಡಿದಿಡುವ ಹೈ ಡೈನಾಮಿಕ್ ರೇಂಜ್ ಚಿತ್ರ, ಎಚ್‌ಡಿಆರ್. ಕೂಡಿಸುವುದಕ್ಕೆ 1997ರಲ್ಲಿ ಸಂಶೋಧಕರಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಒಂದು ಒಳ್ಳೆಯ ದಾರಿ ತೋರಿಸಿದರು. ಬೇರೆ ಬೇರೆ ಎಕ್ಸ್‌ಪೋಷರ್‌ನ, ಅಂದರೆ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟ, ಫೋಟೋಗಳನ್ನು ಹೋಲಿಸಿ, ಒಂದು ಚುಕ್ಕೆಯಲ್ಲಿ ಇನ್ನೊಂದಕ್ಕಿಂತ ಎಷ್ಟು ಪಟ್ಟು ಬೆಳಕಿತ್ತು ಎಂದು ಲೆಕ್ಕ ಹಾಕುವುದು. ನಾನು ನನ್ನ ಚಿತ್ರವನ್ನು ಓಪನ್‌ಇಎಕ್ಸ್‌ಆರ್ ಫೈಲ್ ಆಗಿ ಉಳಿಸಿಕೊಂಡೆ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ಸಿನಿಮಾ ಕೆಲಸಕ್ಕೆಂದು ಮಾಡಿಕೊಂಡು, 2003ರಲ್ಲಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟ ಫೈಲ್ ಬಗೆ ಅದು.

ಮನೆಗೆ ಬಂದು ಮಾನಿಟರ್‌ನಲ್ಲಿ ಆ ಫೈಲ್ ತೆರೆದೆ. ಒಂದಿಷ್ಟು ಬಿಳಿ ಚುಕ್ಕೆ, ಸುತ್ತ ಕಪ್ಪು. ಅಷ್ಟೇ. ಫೈಲ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಎಲ್ಲ ಬೆಳಕೂ ಅದರೊಳಗೇ ಇತ್ತು. ತೋರಿಸುವ ಪರದೆಗೆ ಅಷ್ಟು ಶಕ್ತಿ ಇರಲಿಲ್ಲ.

ಪರದೆಯ ಬೆಳಕನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಸಾಮಾನ್ಯ ಮಾನಿಟರ್ ಹೆಚ್ಚೆಂದರೆ 250, 300 ನಿಟ್ ಕೊಡುತ್ತದೆ. ನಡುಹಗಲ ಬಿಸಿಲಿಗೆ ಒಣಹಾಕಿದ ಬಿಳಿ ಪಂಚೆ 20,000 ನಿಟ್‌ಗೂ ಜಾಸ್ತಿ ಹೊಳೆಯುತ್ತದೆ. ಮಾನಿಟರ್‌ನ ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಸರಿಹೋಗುತ್ತದಾ? ಇಲ್ಲ. ಎಲ್‌ಸಿಡಿ ಪರದೆಯಲ್ಲಿ ಬಿಳಿಯ ಜೊತೆಗೆ ಕಪ್ಪೂ ಬೆಳಗಾಗುತ್ತದೆ, ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗು ಎಂಬುದು ಅಷ್ಟೇ ಉಳಿಯುತ್ತದೆ. ಅದಕ್ಕಿಂತ ಕಿಟಕಿಯ ಪರದೆ ಎಳೆದು, ಹಿಂದಿನ ಟ್ಯೂಬ್‌ಲೈಟ್ ಆರಿಸಿ ನೋಡಿ. ಪರದೆಯ ಮೇಲೆ ಬೀಳುವ ಕೋಣೆಯ ಬೆಳಕೇ ಕಪ್ಪನ್ನು ಬೂದಿ ಬಣ್ಣ ಮಾಡುತ್ತದೆ.

ಹಾಗಾದರೆ ಇಡೀ ಚಿತ್ರವನ್ನು ನೋಡುವುದು ಹೇಗೆ? ಎಕ್ಸ್‌ಪೋಷರ್ ಸ್ಲೈಡರ್ ಸರಿಸುತ್ತಾ ನೋಡುವುದು ಒಂದು ದಾರಿ. ಬಲಕ್ಕೆ ಸರಿಸಿದಂತೆ ಕಂಬ ಕಾಣುತ್ತದೆ, ಎಡಕ್ಕೆ ಸರಿಸಿದರೆ ಜಾಲಂಧ್ರ. ನವರಂಗದಲ್ಲಿ ಕಣ್ಣು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ನನಗೆ ಈ ದಾರಿ ತುಂಬಾ ಇಷ್ಟ. ಬೇರೆ ಏನು ಮಾಡುವ ಮೊದಲೂ ಫೈಲ್‌ನಲ್ಲಿ ಏನೇನಿದೆ ಎಂದು ಹೀಗೆ ನೋಡಿಕೊಳ್ಳಿ.

ಇನ್ನೊಂದು ದಾರಿ ಟೋನ್ ಮ್ಯಾಪಿಂಗ್. ಅಂದರೆ ಬೆಳಕಿನ ದೊಡ್ಡ ಹರವನ್ನು ಪರದೆಯ ಪುಟ್ಟ ಹರವಿಗೆ ಅಡಕ ಮಾಡುವುದು. 2002ರಲ್ಲಿ ಎರಿಕ್ ರೈನ್‌ಹಾರ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನದ ಸರಳ ರೂಪವನ್ನು ಬಾಯಲ್ಲೇ ಹೇಳಬಹುದು. ಪ್ರತಿ ಚುಕ್ಕೆಯ ಬೆಳಕಿನ ಅಂಕಿಯನ್ನು, ಅದಕ್ಕೆ ಒಂದು ಕೂಡಿಸಿ ಬಂದ ಅಂಕಿಯಿಂದ ಭಾಗಿಸಿ. 1 ಇದ್ದರೆ ಅರ್ಧ ಬರುತ್ತದೆ. 9 ಇದ್ದರೆ 0.9. 99 ಇದ್ದರೆ 0.99. ಬಿಸಿಲು ಎಷ್ಟೇ ಜೋರಾಗಿರಲಿ, ಒಂದನ್ನು, ಅಂದರೆ ಪರದೆಯ ಪೂರ್ತಿ ಬಿಳಿಯನ್ನು, ಮುಟ್ಟುವುದಿಲ್ಲ. ಕತ್ತಲ ಭಾಗ ಮಾತ್ರ ಹೆಚ್ಚು ಬದಲಾಗದೆ ಉಳಿಯುತ್ತದೆ. ಎಷ್ಟು ಚೆಂದದ ಲೆಕ್ಕ!

ಅದೇ ವರ್ಷ ಫ್ರೆಡೊ ಡುರಾಂಡ್ ಮತ್ತು ಜೂಲಿ ಡಾರ್ಸಿ ಮತ್ತೊಂದು ಬಗೆ ತೋರಿಸಿದರು. ಅದು ದೊಡ್ಡ ಬೆಳಕು ನೆರಳನ್ನು ಒಂದು ಕಡೆ, ಕೆತ್ತನೆಯಂಥ ಸಣ್ಣ ವಿವರವನ್ನು ಇನ್ನೊಂದು ಕಡೆ ಬೇರ್ಪಡಿಸಿ, ಮೊದಲನೆಯದನ್ನು ಮಾತ್ರ ಅಡಕ ಮಾಡುತ್ತದೆ. ಇಂಥ ವಿಧಾನಗಳನ್ನು ಲ್ಯೂಮಿನೆನ್ಸ್ ಎಚ್‌ಡಿಆರ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿ ನೋಡಬಹುದು.

ಇಲ್ಲಿ ನನ್ನದೊಂದು ಬೇಡಿಕೆ ಇದೆ. ಈ ತಂತ್ರಾಂಶಗಳಲ್ಲಿ ಎಲ್ಲ ಮೂಲೆಯನ್ನೂ ಬೆಳಗಿಸುವುದು ಬಹಳ ಸುಲಭ. ಹಾಗೆ ಮಾಡಿದ ಗುಡಿಯ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕಂಬದ ಅಂಚಿಗೆ ಪ್ರಭಾವಳಿಯಂಥ ಬಿಳಿ ಗೆರೆ, ಕಲ್ಲಿಗೆ ಪ್ಲಾಸ್ಟಿಕ್ಕಿನ ಮೈ. ನವರಂಗ ಕತ್ತಲಾಗಿಯೇ ಇರಬೇಕು. ಆ ಕತ್ತಲಿನಿಂದಲೇ ಜಾಲಂಧ್ರದ ಬೆಳಕಿಗೆ ಬೆಲೆ. ದಯವಿಟ್ಟು ಅದನ್ನು ತೊಳೆದುಹಾಕಬೇಡಿ.

ಹಾಗೆಯೇ, ಮೂಲ ಫೋಟೋಗಳನ್ನು ಅಳಿಸಬೇಡಿ. ಇಂದು 1,000 ನಿಟ್ ಕೊಡುವ ಪರದೆಗಳು ಬಂದಿವೆ. ಅಡಕ ಮಾಡಿದ ಜೆಪೆಗ್‌ನಿಂದ ಕಳೆದುಹೋದ ಬೆಳಕು ಅವುಗಳಲ್ಲೂ ಮರಳಿ ಬರುವುದಿಲ್ಲ.

ನನ್ನ ಬೇಲೂರಿನ ಚಿತ್ರದಲ್ಲಿ ಕೊನೆಗೆ ಜಾಲಂಧ್ರದ ಎರಡು ಮೂರು ಕಿಂಡಿಗಳನ್ನು ಪೂರ್ತಿ ಬಿಳಿಯಾಗಿಯೇ ಬಿಟ್ಟೆ. ಹಿಂದಿನ ಸಾಲಿನ ಒಂದು ಕಂಬದ ಬುಡ ಕಾಣುವುದೇ ಇಲ್ಲ. ಮನೆಗೆ ಬಂದವರು ಅಲ್ಲೇನಿದೆ ಎಂದು ಕೇಳಿದರೆ, ಮೂಲ ಫೈಲ್ ತೆರೆದು ಸ್ಲೈಡರ್ ಸರಿಸಿ ತೋರಿಸುತ್ತೇನೆ.

ನಮಸ್ಕಾರ.